ಗೋವಾ ಕನ್ನಡದ ಪದಸಂಗ್ರಹಕ್ಕೊಂದು ದತ್ತಾಂಶ ಕೋಶ

ಕ್ಷೇತ್ರಕಾರ್ಯದ ಚೀಟಿಗಳನ್ನು ಗಣಕದ ಸಂಬಂಧಾತ್ಮಕ ದತ್ತಸಂಚಯಕ್ಕೆ ಸೇರಿಸುವ ಮೊದಲು ಯಾವ ಕಾಲಂನಲ್ಲಿ ಏನು ಬರಬೇಕು, ಏನು ಬರಬಾರದು ಎಂಬುದನ್ನು ಬರೆದಿಡಬೇಕು. ಈ ಬರಹವೇ ದತ್ತಾಂಶ ಕೋಶ, ಅಂದರೆ ಡೇಟಾ ಡಿಕ್ಷನರಿ. ಇದು ಪದಗಳ ಕೋಶವಲ್ಲ, ಕಾಲಂಗಳ ಕೋಶ.

ಸಂಬಂಧಾತ್ಮಕ ಮಾದರಿಯನ್ನು ಇ. ಎಫ್. ಕಾಡ್ 1970ರಲ್ಲಿ ಮಂಡಿಸಿದರು. ದತ್ತಸಂಚಯದ ವಿವರಣೆಯೂ ಕೋಷ್ಟಕಗಳಲ್ಲೇ ಇರಬೇಕೆಂಬುದು 1985ರಲ್ಲಿ ಅವರು ಹೇಳಿದ ನಿಯಮಗಳಲ್ಲೊಂದು. ಆದ್ದರಿಂದ ಕಾಲಂನ ಹೆಸರು, ಬಗೆ, ಉದ್ದ ಇವುಗಳನ್ನು ಯಂತ್ರವೇ ದಾಖಲಿಸಿಕೊಳ್ಳುತ್ತದೆ. ಅರ್ಥವನ್ನು ಮಾತ್ರ ನಾವೇ ಬರೆಯಬೇಕು.

ಅದೇಕೆ ಮುಖ್ಯವೆಂದು ಗೋವಾದಲ್ಲಿ ತಿಳಿಯುತ್ತದೆ. 1961ರ ವಿಮೋಚನೆಯ ನಂತರ ಉತ್ತರ ಕರ್ನಾಟಕದಿಂದ ದುಡಿಮೆಗೆ ಬಂದ ಅನೇಕ ಕುಟುಂಬಗಳು ವಾಸ್ಕೊ, ಝುವಾರಿನಗರಗಳಲ್ಲಿ ನೆಲೆಸಿದವು. 'ನಿಮ್ಮೂರು ಯಾವುದ್ರಿ?' ಎಂದು ಕೇಳಿದರೆ ವಾಸ್ಕೊದಲ್ಲೇ ಹುಟ್ಟಿದವರೂ 'ನಮ್ದು ಗದಗ ರೀ' ಅನ್ನಬಹುದು. 'ಊರು' ಎಂಬ ಒಂದೇ ಕಾಲಂ ಇಟ್ಟರೆ ಒಬ್ಬ ಸಂಗ್ರಾಹಕರು ಗದಗ ಎಂದೂ ಇನ್ನೊಬ್ಬರು ವಾಸ್ಕೊ ಎಂದೂ ತುಂಬುತ್ತಾರೆ. ಮುಂದೆ ನಕ್ಷೆ ಮಾಡಹೋದರೆ ಗೋವಾದ ಕನ್ನಡ ಗದಗಿನ ಲೆಕ್ಕಕ್ಕೆ ಹೋಗಿಬಿಡುತ್ತದೆ!

ಆದಕಾರಣ ಕೋಶದಲ್ಲಿ ಹೀಗೆ ನಮೂದಿಸಬಹುದು:

1. ವಕ್ತೃ ಕೋಷ್ಟಕ: ವಕ್ತೃ ಸಂಖ್ಯೆ, ಮನೆತನದ ಊರು, ಹುಟ್ಟಿದ ಊರು, ಬೆಳೆದ ಊರು. ಸಂಖ್ಯೆ ಪುನರಾವರ್ತನೆಯಾಗಕೂಡದು.

2. ಪದ ಕೋಷ್ಟಕ: ಪದ ಸಂಖ್ಯೆ, ವಕ್ತೃ ಸಂಖ್ಯೆ, ಆಡುರೂಪ, ಬರಹರೂಪ, ಸಂಗ್ರಹ ಸ್ಥಳ. ವಕ್ತೃ ಕೋಷ್ಟಕದಲ್ಲಿಲ್ಲದ ಸಂಖ್ಯೆ ಇಲ್ಲಿ ಬರಕೂಡದು.

3. ಆಡುರೂಪ: ಕೇಳಿದ ಹಾಗೆಯೇ. 'ಮನಿ' ಅಂದದ್ದನ್ನು 'ಮನೆ' ಎಂದು ತಿದ್ದಿದರೆ ಉಪಭಾಷೆಯೇ ಹೋಯಿತು. 'ಮನೆ' ಬರಹರೂಪದ ಕಾಲಂಗೆ ಸೇರಬೇಕು.

4. ಉದ್ದ: ಅಕ್ಷರಗಳ ಲೆಕ್ಕ ಸಾಲದು. 'ಮನ್ಯಾಗ' ನಮಗೆ ಮೂರು ಅಕ್ಷರ. ಯೂನಿಕೋಡ್‌ನಲ್ಲಿ 6 ಸಂಕೇತ.

5. ಖಾಲಿ: 'ಕೇಳಲಿಲ್ಲ' ಬೇರೆ, 'ಕೇಳಿದೆವು, ಅವರಿಗೆ ಗೊತ್ತಿರಲಿಲ್ಲ' ಬೇರೆ. ಎರಡಕ್ಕೂ ಬೇರೆ ಬೇರೆ ಗುರುತು ಬೇಕು.

'ಆಮೇಲೆ ಸರಿಮಾಡಿದರಾಯ್ತು' ಅನ್ನುವಂತಿಲ್ಲ. ಒಂದೇ ಕಾಲಂನಲ್ಲಿ ಕಲಸಿದ ಊರುಗಳನ್ನು ಬೇರ್ಪಡಿಸಲು ಮತ್ತೆ ವಕ್ತೃಗಳನ್ನೇ ಕೇಳಬೇಕು. 2004ರಲ್ಲಿ ವಾಸ್ಕೊದ ಬೈನಾದಲ್ಲಿ ಮನೆಗಳು ನೆಲಸಮವಾದಾಗ ಅಲ್ಲಿದ್ದ ಕನ್ನಡ ಕುಟುಂಬಗಳು ಚದುರಿದವು. ಅಂಥವರನ್ನು ಎಲ್ಲಿ ಹುಡುಕುವುದು? ಕೋಶ ಮೊದಲು ಸಿದ್ಧವಾಗಲಿ, ಸಂಗ್ರಾಹಕರೆಲ್ಲರೂ ಅದನ್ನು ಓದಿ ಒಪ್ಪಲಿ. ಪದ ತುಂಬುವ ಕೆಲಸ ಆಮೇಲಿನದು.