ಹೆಬ್ಬೆರಳಿನ ಏಟಿಗೆ ಎರಡು ಪಿಕಪ್

ನವೆಂಬರ್ ಬಂತೆಂದರೆ ಬಸವೇಶ್ವರನಗರ, ವಿಜಯನಗರ, ರಾಜಾಜಿನಗರದ ಅಡ್ಡರಸ್ತೆಗಳಲ್ಲಿ ತಿಂಗಳಿಡೀ ರಾಜ್ಯೋತ್ಸವದ ಆರ್ಕೆಸ್ಟ್ರಾ. ಹೋದ ಸಲ ನಮ್ಮ ರಸ್ತೆಯ ಪೆಂಡಾಲಿನಲ್ಲಿ ಸಂಜೆ ಐದಕ್ಕೇ ಮೈಕ್ ಟೆಸ್ಟಿಂಗ್ ಶುರುವಾಗಿತ್ತು. ಬೇಸ್ ಗಿಟಾರಿನ ಹುಡುಗ ವೈರ್ ಚುಚ್ಚಿದ ಕೂಡಲೇ ಸ್ಪೀಕರಿನಿಂದ ‘ಗುಂಯ್’ ಅಂತ ಒಂದೇ ಸಮನೆ ಸದ್ದು. ‘ಗುರೂ, ಹಮ್ ಬರ್ತಾ ಇದೆ ನೋಡು’ ಎಂದರು ಸೌಂಡ್‌ನವರು. ಹುಡುಗ ಗಿಟಾರಿನ ಎರಡನೇ ವಾಲ್ಯೂಮ್ ನಾಬನ್ನೂ ಪೂರ್ತಿ ತೆರೆದ, ಗುಂಯ್ ನಿಂತಿತು. ಆಮೇಲೆ ಹೆಬ್ಬೆರಳಿನ ಗೆಣ್ಣಿನಿಂದ ದಪ್ಪ ತಂತಿಗೆ ಒಂದು ಏಟು ಕೊಟ್ಟು, ತೋರುಬೆರಳಿನಿಂದ ತೆಳು ತಂತಿಯನ್ನು ಕಿತ್ತು ಬಿಟ್ಟ. ಧಂ, ಟಕ್! ಪೆಂಡಾಲಿನ ಕೊನೆಯಲ್ಲಿ ನಿಂತಿದ್ದ ನನಗೂ ಎರಡೂ ಬೇರೆಬೇರೆಯಾಗಿ ಕೇಳಿದವು. ಗುಂಯ್ ನಿಲ್ಲಿಸಿದ್ದೂ ಆ ಏಟನ್ನು ಸ್ವಚ್ಛಗೊಳಿಸಿದ್ದೂ ಒಂದೇ ನಾಬ್. ಅದು ಹೇಗೆ?

ಹೀಗೆ ಬಡಿದು ಕಿತ್ತು ನುಡಿಸುವ ರೀತಿಗೆ ಸ್ಲ್ಯಾಪ್ ಎಂದು ಹೆಸರು. ಇದನ್ನು ಬೆಳಕಿಗೆ ತಂದವರು ಅಮೆರಿಕದ ಲ್ಯಾರಿ ಗ್ರಹಾಂ. 1960ರ ದಶಕದಲ್ಲಿ ಅವರು ಪಿಯಾನೊ ನುಡಿಸುವ ತಾಯಿಯ ಜೊತೆ ಕಾರ್ಯಕ್ರಮ ಕೊಡುತ್ತಿದ್ದರು. ಡ್ರಮ್ಸ್ ನುಡಿಸುವವರು ತಂಡದಲ್ಲಿ ಇಲ್ಲವಾದಾಗ ಆ ಜಾಗವನ್ನೂ ಬೇಸ್ ತಂತಿಗಳಿಂದಲೇ ತುಂಬಿದರು. ಹೆಬ್ಬೆರಳಿನ ಏಟು ದೊಡ್ಡ ಡ್ರಮ್ಮಿಗೆ, ಕಿತ್ತ ತಂತಿಯ ಟಕ್ ಸ್ನೇರ್ ಡ್ರಮ್ಮಿಗೆ. ಸ್ಲ್ಯಾಪ್‌ನಲ್ಲಿ ರಾಗಕ್ಕಿಂತ ಮೊದಲು ತಾಳ ಕೇಳುವುದು ಈ ಕಾರಣಕ್ಕೆ.

ಏಟು ಬಿದ್ದಾಗ ತಂತಿ ಬರೀ ಅದುರುವುದಿಲ್ಲ. ಕೆಳಗಿನ ಲೋಹದ ಫ್ರೆಟ್‌ಗೆ, ಅಂದರೆ ನಮ್ಮ ವೀಣೆಯ ಮೆಟ್ಟಿಲಿನಂಥದ್ದಕ್ಕೆ, ತಾಗಿ ಚಿಮ್ಮುತ್ತದೆ. ತಂತಿ ಒಂದು ಗಟ್ಟಿ ಅಂಚಿಗೆ ತಾಗಿದರೆ ಮೂಲಸ್ವರದ ಮೇಲೆ ಹತ್ತಾರು ಉಪಸ್ವರಗಳು ಏಳುತ್ತವೆ. ಇದು ನಮಗೆ ಹೊಸದಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿ ತಾಗಿತಾಗಿ ಬಿಡುವುದರಿಂದಲೇ ಆ ಝೇಂಕಾರ. ಮೀಟಿದ ಜಾಗದಿಂದಾಗಿ ಏಳಲೇಬಾರದ ಉಪಸ್ವರವೂ ವೀಣೆ, ತಂಬೂರಿಗಳಲ್ಲಿ ಜೋರಾಗಿ ಏಳುತ್ತದೆ ಎಂದು ಸಿ.ವಿ. ರಾಮನ್ 1921ರಲ್ಲೇ ಬರೆದಿದ್ದರು. ಸ್ಲ್ಯಾಪ್‌ನ ಟಕ್ ಸದ್ದನ್ನು ತಂಬೂರಿಯ ದೂರದ ನೆಂಟ ಎನ್ನಲು ನನಗೆ ಸಂಕೋಚವಿಲ್ಲ.

ಈ ಅದುರನ್ನು ವಿದ್ಯುತ್ತಾಗಿಸುವುದು ಪಿಕಪ್. ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ಉಕ್ಕಿನ ತಂತಿ ಅದುರಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ತತ್ವ ಇದೇ. ಆದರೆ ಪಿಕಪ್ ಇಡೀ ತಂತಿಯನ್ನು ಕೇಳುವುದಿಲ್ಲ, ತನ್ನ ನೆತ್ತಿಯ ಮೇಲಿನ ತುಣುಕನ್ನಷ್ಟೇ ಕೇಳುತ್ತದೆ. ಕುದುರೆಯ ಹತ್ತಿರ ಮೀಟಿದರೆ ಚೂಪು, ದೂರ ಸರಿದರೆ ಮೆದು ಎಂಬುದು ವೀಣೆ ಕಲಿಯುವ ಮಕ್ಕಳಿಗೂ ಗೊತ್ತು. ಪಿಕಪ್ ಇಟ್ಟ ಜಾಗಕ್ಕೂ ಅದೇ ಲೆಕ್ಕ.

ಗಿಟಾರ್ ತಯಾರಕ ಲಿಯೊ ಫೆಂಡರ್ 1951ರಲ್ಲಿ ತಂದ ಪ್ರಿಸಿಷನ್ ಬೇಸ್‌ಗೆ ಒಂದೇ ಪಿಕಪ್. ಅದರ ನಡುಮಟ್ಟದ ದನಿ ದಪ್ಪ, ಸ್ಲ್ಯಾಪ್ ಮಾಡಿದರೆ ಗುದ್ದಿದಂತೆ ಕೇಳುತ್ತದೆ. 1960ರಲ್ಲಿ ಬಂದ ಜಾಝ್ ಬೇಸ್‌ಗೆ ಎರಡು ಪಿಕಪ್, ಎರಡಕ್ಕೂ ಬೇರೆಬೇರೆ ವಾಲ್ಯೂಮ್. ನಮ್ಮ ಹುಡುಗನ ಕೈಲಿದ್ದದ್ದು ಈ ಮಾದರಿ. ಇದರ ತಂತಿಯ ಉದ್ದ ಸುಮಾರು 86 ಸೆಂಟಿಮೀಟರ್. ಒಂದು ಪಿಕಪ್ ಕುದುರೆಯಿಂದ ಸುಮಾರು 15 ಸೆಂಟಿಮೀಟರ್ ದೂರ, ಇನ್ನೊಂದು ಸುಮಾರು 6. ಏಳನೇ ಉಪಸ್ವರವನ್ನೇ ತೆಗೆದುಕೊಳ್ಳಿ. ತಂತಿ ಏಳು ಸಮಭಾಗಗಳಾಗಿ ಅದುರುತ್ತದೆ, ಒಂದೊಂದೂ ಸುಮಾರು 12 ಸೆಂಟಿಮೀಟರ್. ಕುದುರೆಯ ಹತ್ತಿರದ ಪಿಕಪ್ ಮೊದಲ ಭಾಗದ ಕೆಳಗಿದೆ, ಇನ್ನೊಂದು ಎರಡನೆಯದರ ಕೆಳಗೆ. ಅಕ್ಕಪಕ್ಕದ ಭಾಗಗಳು ಯಾವಾಗಲೂ ಎದುರುಬದುರು: ಒಂದು ಮೇಲೆದ್ದಾಗ ಇನ್ನೊಂದು ಕೆಳಗಿಳಿಯುತ್ತದೆ. ಎರಡೂ ಪಿಕಪ್ ಸಮನಾಗಿ ತೆರೆದಿದ್ದರೆ ಒಂದರ ವಿದ್ಯುತ್ತು ಇನ್ನೊಂದರದನ್ನು ತಿಂದುಹಾಕುತ್ತದೆ. ಆರರಿಂದ ಹನ್ನೊಂದನೆಯವರೆಗಿನ ಉಪಸ್ವರಗಳ ಪಾಡು ಹೆಚ್ಚುಕಡಿಮೆ ಇದೇ. ಅತಿ ದಪ್ಪ ತಂತಿಯಲ್ಲಿ, ಅಂದರೆ 41 ಹರ್ಟ್ಸ್‌ನ ಸ್ವರದಲ್ಲಿ, ಇದು ಸುಮಾರು 250ರಿಂದ 450 ಹರ್ಟ್ಸ್. ಕೆಳಗಿನ ಧಂ ಉಳಿಯಿತು, ಮೇಲಿನ ಟಕ್ ಉಳಿಯಿತು, ನಡುವಿನ ಗದ್ದಲ ಇಳಿಯಿತು. 1970ರ ದಶಕದಲ್ಲಿ ಕುದುರೆಯ ಕಡೆಯ ಪಿಕಪ್ಪನ್ನು ಇನ್ನೊಂದು ಸೆಂಟಿಮೀಟರಿನಷ್ಟು ಹಿಂದಕ್ಕೆ ಸರಿಸಿದರು. ಸ್ಲ್ಯಾಪ್‌ನಲ್ಲಿ ಹೆಸರಾದ ಮಾರ್ಕಸ್ ಮಿಲ್ಲರ್ ಅವರ 1977ರ ಜಾಝ್ ಬೇಸ್ ಆ ಕಾಲದ್ದು.

ಇನ್ನು ಗುಂಯ್. ನಮ್ಮ ಮನೆಗೆ ಬರುವ ಕರೆಂಟು 50 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ. ಸೀರಿಯಲ್ ಸೆಟ್ಟು, ಹ್ಯಾಲೊಜನ್, ಎಳೆದ ವೈರು, ಇವುಗಳ ಸುತ್ತ ಏಳುವ ಕಾಂತಕ್ಷೇತ್ರವನ್ನೂ ಪಿಕಪ್ಪಿನ ಸುರುಳಿ ಹಿಡಿದುಬಿಡುತ್ತದೆ. ಬೇಸ್‌ನ ದಪ್ಪ ತಂತಿಯ ಮೂರನೇ ಫ್ರೆಟ್ ಒತ್ತಿದರೆ 49 ಹರ್ಟ್ಸ್. ಅಂದರೆ ಗುಂಯ್ ಬಂದು ಕೂರುವುದು ಬೇಸ್‌ನ ಸ್ವಂತ ಜಾಗದಲ್ಲೇ. ಅದನ್ನು ಸೋಸಿ ತೆಗೆಯಲು ಹೋದರೆ ಹಾಡಿನ ಬುಡವೂ ಹೋಗುತ್ತದೆ. ಜಾಝ್ ಬೇಸ್‌ನ ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಸುತ್ತಿರುತ್ತಾರೆ, ಅಯಸ್ಕಾಂತಗಳನ್ನೂ ತಿರುಗುಮುರುಗಾಗಿ ಇಟ್ಟಿರುತ್ತಾರೆ. ಎರಡು ಸಲ ತಿರುಗಿದ ತಂತಿಯ ದನಿ ಮತ್ತೆ ಕೂಡಿಕೊಳ್ಳುತ್ತದೆ. ಒಂದೇ ಸಲ ತಿರುಗಿದ ಗುಂಯ್ ಅಳಿಯುತ್ತದೆ. ಆದರೆ ಎರಡೂ ನಾಬ್ ಸಮನಾಗಿರಬೇಕು. ಒಂದನ್ನು ಇಳಿಸಿದಿರೋ, ಗುಂಯ್ ಹಾಜರ್.

1976ರ ಮ್ಯೂಸಿಕ್‌ಮ್ಯಾನ್ ಸ್ಟಿಂಗ್‌ರೇ ಬೇಸ್‌ನ ದಾರಿ ಬೇರೆ. ಕುದುರೆಯ ಕಡೆ ಜೋಡಿ ಸುರುಳಿಯ ಒಂದೇ ಪಿಕಪ್, ಬ್ಯಾಟರಿಯಿಂದ ನಡೆಯುವ ಸರ್ಕ್ಯೂಟ್. ನಡುವನ್ನು ತಗ್ಗಿಸುವ ಬದಲು ಅದು ಎರಡು ತುದಿಗಳನ್ನು ಎತ್ತುತ್ತದೆ. ಸ್ಲ್ಯಾಪ್ ವಾದಕ ಲೂಯಿ ಜಾನ್ಸನ್ ಅದನ್ನೇ ನುಡಿಸಿ ಹೆಸರಾದರು. ಕೈಗೂ ಅದು ಅನುಕೂಲ, ಫ್ರೆಟ್‌ಗಳು ಮುಗಿಯುವಲ್ಲಿ ಪಿಕಪ್ ಇಲ್ಲದ್ದರಿಂದ ಬೆರಳು ತಂತಿಯ ಅಡಿಗೆ ಸಲೀಸಾಗಿ ನುಗ್ಗುತ್ತದೆ. ಕಲಿಯುವವರು ಪಿಕಪ್ಪಿನ ಎತ್ತರವನ್ನೂ ನೋಡಿಕೊಳ್ಳಬೇಕು. ತಂತಿಗೆ ತೀರ ಹತ್ತಿರವಿದ್ದರೆ ಏಟಿಗೆ ತಂತಿ ಅಯಸ್ಕಾಂತಕ್ಕೇ ಬಡಿಯುತ್ತದೆ. ಸ್ಕ್ರೂ ಡ್ರೈವರಿನಿಂದ ಒಂದು ಸುತ್ತು ಇಳಿಸಿ ನೋಡಿ.

ಎರಡೂ ನಾಬ್ ಪೂರ್ತಿ ತೆರೆದ ಮೇಲೂ ಗುಂಯ್ ನಿಲ್ಲಲಿಲ್ಲವೇ? ತಂತಿ ಮುಟ್ಟಿದಾಗ, ಬಿಟ್ಟಾಗ ಸದ್ದು ಬದಲಾಗುತ್ತಿದೆಯೇ? ಹಾಗಾದರೆ ಪಿಕಪ್ಪಿನ ಮೇಲೆ ತಪ್ಪು ಹೊರಿಸಬೇಡಿ, ಪೆಂಡಾಲಿನ ಅರ್ತಿಂಗ್ ನೋಡಿಸಿ. ಬೇಸ್‌ನ ತಂತಿ ಲೋಹದ್ದು, ಮೈಕೂ ಲೋಹದ್ದು. ಒಂದು ಕೈಯಲ್ಲಿ ತಂತಿ ಹಿಡಿದು ಇನ್ನೊಂದರಲ್ಲಿ ಮೈಕ್ ಮುಟ್ಟುವ ಮೊದಲು ಎಲೆಕ್ಟ್ರಿಷಿಯನ್ನನ್ನು ದಯವಿಟ್ಟು ಕರೆಸಿ.