ಕರೆಂಟಿಗೂ ಹಗಲಿಗೊಂದು ರೇಟು, ಸಂಜೆಗೊಂದು ರೇಟು!

ಬೆಳಿಗ್ಗೆ ಒಂದು ರೇಟಿಗೆ ಸಿಕ್ಕ ಸೊಪ್ಪು ಸಂಜೆ ಇನ್ನೊಂದು ರೇಟಿಗೆ ಸಿಗುತ್ತೆ. ಯಾರೂ ತಕರಾರು ಮಾಡಲ್ಲ. ಕರೆಂಟಿಗೂ ಹಾಗೇ ಅಂದ ತಕ್ಷಣ ಗಾಬರಿಯಾಗ್ತೀವಿ.

2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ತಂದಿತು. ಬಿಸಿಲಿನ ಎಂಟು ಗಂಟೆ ಯೂನಿಟ್ ದರ ಕನಿಷ್ಠ ಶೇ. 20 ಕಡಿಮೆ. ಎಲ್ಲರೂ ಒಟ್ಟಿಗೆ ಸ್ವಿಚ್ ಹಾಕುವ ಪೀಕ್ ಅವಧಿಯಲ್ಲಿ ಮನೆಗಳಿಗೆ ಕನಿಷ್ಠ ಶೇ. 10 ಜಾಸ್ತಿ. ಕೃಷಿಗೆ ಇದು ಅನ್ವಯಿಸಲ್ಲ. ಸ್ಮಾರ್ಟ್ ಮೀಟರ್ ಬಂದ ಮನೆಗಷ್ಟೇ ಈ ಲೆಕ್ಕ.

ಇಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಇದರ ತರ್ಕ ಸರಿಯಾಗಿದೆ. ನಮ್ಮ ಪಾವಗಡದ ಸೋಲಾರ್ ಪಾರ್ಕ್ ಸಾಮರ್ಥ್ಯ 2,050 ಮೆಗಾವ್ಯಾಟ್. ಮಧ್ಯಾಹ್ನ ಧಾರಾಳ, ಸಂಜೆ ಏಳಕ್ಕೆ ಸೊನ್ನೆ. ನಾವು ಮನೆಗೆ ಬಂದು ಲೈಟು, ಫ್ಯಾನು, ಎಸಿ ಹಾಕೋದೇ ಆಗ. ಆ ಕೊರತೆ ತುಂಬಲು ಕಲ್ಲಿದ್ದಲು ಸುಡಬೇಕು, ಇಲ್ಲವೇ ದುಬಾರಿ ಕರೆಂಟು ಕೊಳ್ಳಬೇಕು.

ಆದರೆ ಮನೆಯ ಲೆಕ್ಕ ಬೇರೆ. ಯೂನಿಟ್‌ಗೆ 6 ರೂಪಾಯಿ ಅಂತಿಟ್ಟುಕೊಳ್ಳಿ. ಬಿಸಿಲಲ್ಲಿ 4.80, ಪೀಕ್‌ನಲ್ಲಿ 6.60. ತಿಂಗಳಿಗೆ 150 ಯೂನಿಟ್ ಸುಡುವ ಮನೆಯಲ್ಲಿ ಹಿರಿಯರಿದ್ದಾರೆ. ಸಂಪ್ ಮೋಟರು, ವಾಷಿಂಗ್ ಮಷಿನ್, ಗ್ರೈಂಡರ್ ಎಲ್ಲ ಮಧ್ಯಾಹ್ನ. ಬಿಸಿಲಲ್ಲಿ 40, ಪೀಕ್‌ನಲ್ಲಿ 60 ಯೂನಿಟ್ ಆದರೆ 12 ರೂಪಾಯಿ ಉಳಿತಾಯ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಬಾಗಿಲು ಹಾಕಿಕೊಂಡು ಹೋಗುವ ಮನೆಯಲ್ಲಿ ಬಿಸಿಲಲ್ಲಿ 15, ಪೀಕ್‌ನಲ್ಲಿ 90. ಅವರಿಗೆ 36 ರೂಪಾಯಿ ಹೊರೆ. ಅವರು ಕರೆಂಟು ಪೋಲು ಮಾಡಿದ್ದಲ್ಲ, ದುಡಿಯಲು ಹೋಗಿದ್ದು! (ನನ್ನ ಕಾರ್ಯಕ್ರಮ ಒಂದು ಗಂಟೆ ನೋಡಿದರೆ, 100 ವ್ಯಾಟ್ ಟಿವಿಗೆ 6 ಪೈಸೆ ಜಾಸ್ತಿ. ಅಷ್ಟು ಸಹಿಸಿಕೊಳ್ಳಿ.)

ಸಂಜೆ ನಾಲ್ಕು ಗಂಟೆ ಎಸಿ ಓಡಿಸುವ ಮನೆಗೆ ತಿಂಗಳಿಗೆ ನೂರು ರೂಪಾಯಿ ಹೆಚ್ಚಾದರೂ ರಿಮೋಟ್ ಕಡೆ ಕೈ ಹೋಗಲ್ಲ. ಬಿಸಿ ತಟ್ಟುವವರಿಗೆ ಸಮಯ ಬದಲಿಸಲು ಆಗಲ್ಲ, ಬದಲಿಸಬಲ್ಲವರಿಗೆ ಬಿಸಿಯೇ ತಟ್ಟಲ್ಲ.

ಇನ್ನು ಗೃಹಜ್ಯೋತಿ. 200 ಯೂನಿಟ್ ಒಳಗಿದ್ದು ಸೊನ್ನೆ ಬಿಲ್ ಬರುವ ಮನೆಗೆ ಮಧ್ಯಾಹ್ನವೂ ಪುಕ್ಕಟೆ, ಸಂಜೆಯೂ ಪುಕ್ಕಟೆ. ಮೋಟರು ಯಾವಾಗ ಹಾಕಿದರೇನು?

ಹಾಗಾಗಿ ನನ್ನ ಮಾತು ಇಷ್ಟೇ. ಹಗಲಿನ ರಿಯಾಯಿತಿ ಎಲ್ಲರಿಗೂ ಈಗಲೇ ಕೊಡಿ. ಸಂಜೆಯ ಹೆಚ್ಚುವರಿಯನ್ನು ಎಸಿ, ಎಲೆಕ್ಟ್ರಿಕ್ ಕಾರು ಇರುವ ದೊಡ್ಡ ಲೋಡಿನ ಮನೆಗಳಿಂದ ಶುರು ಮಾಡಿ. ಉಳಿದವರಿಗೆ ಒಂದು ವರ್ಷ ಹಳೇ ಲೆಕ್ಕ, ಹೊಸ ಲೆಕ್ಕ ಎರಡನ್ನೂ ಒಂದೇ ಬಿಲ್ಲಿನಲ್ಲಿ ಅಚ್ಚು ಹಾಕಿ ಕೊಡಿ. ಯಾವುದು ಬೇಕು ಅಂತ ಬಿಲ್ ಕಟ್ಟುವವರೇ ಹೇಳಲಿ.