ಬೆಳಕಿಂದ ಚಾರ್ಜ್ ಆಗಿ ರೋಗಾಣು ಕೊಲ್ಲುವ ಮಾಸ್ಕ್! ಏನಿದು?

ಕೋವಿಡ್ ಟೈಮಲ್ಲಿ ಮಾಸ್ಕ್ ಮುಟ್ಟಿದ ಮೇಲೆ ಕೈ ತೊಳೀರಿ ಅಂತ ಯಾಕೆ ಹೇಳ್ತಿದ್ರು ಗೊತ್ತಾ? ಮಾಮೂಲಿ ಮಾಸ್ಕ್ ರೋಗಾಣುವನ್ನು ತಡೆಯುತ್ತೆ, ಕೊಲ್ಲೋದಿಲ್ಲ. ಬಿಚ್ಚುವಾಗ ಅದು ಕೈಗೆ ಅಂಟಬಹುದು. ನರ್ಸ್‌ಗಳಿಗೂ ಈ ಅಪಾಯ ಇರುತ್ತೆ.

ಇದಕ್ಕೆ 2018ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ ಸಂಶೋಧಕರು ಒಂದು ದಾರಿ ತೋರಿಸಿದ್ದಾರೆ. ಕೂದಲಿಗಿಂತ ನೂರಾರು ಪಟ್ಟು ತೆಳುವಾದ ನ್ಯಾನೋ ಎಳೆಗಳಿಗೆ ಬೆಂಜೋಫಿನೋನ್‌ನಂಥ ರಾಸಾಯನಿಕ ಸೇರಿಸಿದ್ದಾರೆ. ಹಗಲು ಬೆಳಕು ಬಿದ್ದರೆ ಗಾಳಿಯ ಆಮ್ಲಜನಕದಿಂದ ಹೈಡ್ರೋಜನ್ ಪೆರಾಕ್ಸೈಡ್ ಮುಂತಾದವು ಹುಟ್ಟುತ್ತವೆ. ಗಾಯ ತೊಳೆಯೋಕೆ ನೊರೆ ಬರೋ ಔಷಧಿ ಹಾಕ್ತಾರಲ್ಲ, ಅದೇ. ರೋಗಾಣು ಅಲ್ಲೇ ಸಾಯುತ್ತೆ. ಮಜಾ ಅಂದ್ರೆ, ಮೊಬೈಲ್ ಥರ ಚಾರ್ಜ್ ಹಿಡಿದಿಟ್ಟುಕೊಂಡು ಕತ್ತಲಲ್ಲೂ ಕೆಲಸ ಮಾಡುತ್ತೆ.

ಅಂದ ಹಾಗೆ, ಮೆಡಿಕಲ್ ಶಾಪಿನ ಯೂಸ್ ಅಂಡ್ ಥ್ರೋ ಮಾಸ್ಕನ್ನು ಬಿಸಿಲಿಗೆ ಹಾಕಿದರೆ ಈ ಗುಣ ಬರಲ್ಲ. ಅದನ್ನು ಬಳಸಿ ಬಿಸಾಕಿ.